ಹನ್ನೆರಡು ಬೀಗಕ್ಕೆ ಒಂದು ಚಾವಿ

ರಾಷ್ಟ್ರಗಳ ಉದಯವೂ ಅಸ್ತವೂ ಸದ್ದಿಲ್ಲದೆ ನಡೆಯುತ್ತವೆ. ಒಂದು ಮಹಾಶಕ್ತಿ ಮೇಲೇಳುವಾಗ ಅದರ ನೆರಳು ಮೊದಲು ದೂರದ ಬಂದರುಗಳ ಮೇಲೆ ಬೀಳುತ್ತದೆ ಎಂದು ಬಲ್ಲವರು ಹೇಳುತ್ತಾರೆ. ನಮ್ಮಲ್ಲಿ ಅದು ಮೊದಲು ಬಿದ್ದದ್ದು ಕ್ಯಾಂಟೀನಿನ ಸಕ್ಕರೆ ಬೀರುವಿನ ಮೇಲೆ.

ನಮ್ಮದು ಬೀಗದ ಕಾರ್ಖಾನೆ. ಡೊಂಬಿವಲಿ ಪೂರ್ವದ ಕೈಗಾರಿಕಾ ಪ್ರದೇಶದಲ್ಲಿ, ಒಂದು ಬದಿಗೆ ಬಣ್ಣ ತಯಾರಿಸುವವರು, ಇನ್ನೊಂದು ಬದಿಗೆ ಬಿಸ್ಕತ್ತು ಸುಡುವವರು. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬುದರ ಮೇಲೆ ನಮ್ಮ ಮಧ್ಯಾಹ್ನದ ಊಟದ ರುಚಿ ನಿಂತಿತ್ತು. ನಾನು ಅಲ್ಲಿ ರಫ್ತು ವಿಭಾಗ. ವಿಭಾಗ ಎಂದರೆ ನಾನು, ಒಂದು ಮೇಜು ಮತ್ತು ಗೋಡೆಯ ಮೇಲೆ ಆಫ್ರಿಕಾದ ಒಂದು ನಕ್ಷೆ. ನಕ್ಷೆ ಹಳೆಯದಾದ್ದರಿಂದ ಅದರಲ್ಲಿದ್ದ ಕೆಲವು ದೇಶಗಳು ಆಗಲೇ ಹೆಸರು ಬದಲಿಸಿಕೊಂಡಿದ್ದವು.

ಕ್ಯಾಂಟೀನು ನಡೆಸುತ್ತಿದ್ದವರು ಬೈಂದೂರು ಕಡೆಯ ಸಂಜೀವ ಶೆಟ್ಟರು. ಒಂದು ದಿನ ಚಹಾಕ್ಕೆ ಹೋದಾಗ ಅವರ ಸಕ್ಕರೆ ಬೀರುವಿನ ಮೇಲೆ ಒಂದು ಪುಟ್ಟ ಬೀಗ ಥಳಥಳ ಹೊಳೆಯುತ್ತಿತ್ತು. ನಮ್ಮ ಬೀಗ ಎಂದೂ ಹಾಗೆ ಹೊಳೆದದ್ದಿಲ್ಲ.

"ಶೆಟ್ರೆ, ಇದೆಂಥದು?"

"ಬೀಗ."

"ಬೀಗ ಅಂತ ನನಗೂ ಕಾಣ್ತದೆ. ಯಾರದ್ದು?"

"ಚೀನಾದ್ದು ಮಾರಾಯ್ರೆ. ಸ್ಟೇಷನ್ ಹೊರಗೆ ಗುಡ್ಡೆ ಹಾಕಿ ಮಾರ್ತಾ ಇದ್ರು."

"ಬೀಗದ ಫ್ಯಾಕ್ಟರಿಯ ಒಳಗೆ ಕೂತ್ಕೊಂಡು ಹೊರಗಿನ ಬೀಗ ಹಾಕ್ತೀರಲ್ಲ, ನಿಮಗೆ ನಾಚಿಕೆ ಉಂಟಾ?"

"ಐತಾಳ್ರೆ, ನಿಮ್ಮ ಬೀಗ ಬ್ಯಾಂಕಿಗೆ ಸರಿ. ಇದರೊಳಗೆ ಇರೂದು ಸಕ್ಕರೆ. ಒಳಗಿನ ಮಾಲಿಗಿಂತ ಹೊರಗಿನ ಬೀಗಕ್ಕೆ ರೇಟು ಜಾಸ್ತಿಯಾದ್ರೆ ಕಳ್ಳ ಸಕ್ಕರೆ ಬಿಟ್ಟು ಬೀಗವನ್ನೇ ಹೊತ್ಕೊಂಡು ಹೋಗ್ತಾನೆ."

ಚೀನಾದ ಸ್ಪರ್ಧೆಯ ಬಗ್ಗೆ ಆಮೇಲೆ ನಾನು ಎಷ್ಟೋ ಸಭೆಗಳಲ್ಲಿ ಕೂತಿದ್ದೇನೆ. ಶೆಟ್ಟರು ಸಕ್ಕರೆ ತೆಗೆಯುತ್ತ ಹೇಳಿದ್ದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳಲಿಲ್ಲ. ಆ ಸಭೆಗಳಲ್ಲಿ ಚಹಾ ಕೂಡ ಅಷ್ಟು ಚೆನ್ನಾಗಿರಲಿಲ್ಲ.

ಈಗ ಸಾನಪಾಡಾ, ವಾಶಿಯ ಗಾಜಿನ ಕಟ್ಟಡಗಳಲ್ಲಿ ಕೂತು ಆಮದು ರಫ್ತಿನ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಇದನ್ನು ಓದುವುದಾದರೆ ಒಂದು ಮಾತು. ನಾನು ಯಾವಾಗ ಏನಾದೆ ಎಂಬ ವಿವರ ಇಲ್ಲಿ ಸಿಗುವುದಿಲ್ಲ. ಮೊದಲು ನನ್ನ ಕುರ್ಚಿಗೆ ಕೈ ಬಂತು, ಆಮೇಲೆ ಚಕ್ರ ಬಂತು, ಕೊನೆಗೆ ನನಗೆ ಬೆನ್ನುನೋವು ಬಂತು. ಬಡ್ತಿಯ ಚರಿತ್ರೆ ಅಲ್ಲಿಗೆ ಮುಗಿಯಿತು.

ಹೇಳಬೇಕಾದದ್ದು ಇಬ್ಬರ ಬಗ್ಗೆ. ಮೊದಲನೆಯವರು ಮಾಲೀಕರು, ಪರಾಂಜಪೆ ಸಾಹೇಬರು. ತಂದೆ ಕಟ್ಟಿದ ಕಾರ್ಖಾನೆ, ಸ್ವತಃ ಎಂಜಿನಿಯರು, ಸಜ್ಜನ. ಗಿರಾಕಿಗೆ ತಿಳಿವಳಿಕೆ ಕೊಡುವುದು ತಯಾರಕನ ಧರ್ಮ ಎಂದು ನಂಬಿದ್ದವರು. ಬೀಗ ಬಿಗಿಯಾಗಿದೆ ಎಂದು ಯಾರಾದರೂ ದೂರು ಬರೆದರೆ ಅವರಿಗೆ ಸಾಹೇಬರ ಕಡೆಯಿಂದ ಎಣ್ಣೆಯ ಮಹತ್ವದ ಬಗ್ಗೆ ಎರಡು ಪುಟದ ಉತ್ತರ ಹೋಗುತ್ತಿತ್ತು. ಅದನ್ನು ಟೈಪ್ ಮಾಡುತ್ತಿದ್ದವನು ನಾನು. ಉತ್ತರ ಪಡೆದವರು ಮತ್ತೆಂದೂ ದೂರು ಬರೆಯುತ್ತಿರಲಿಲ್ಲ. ಆರ್ಡರನ್ನೂ ಬರೆಯುತ್ತಿರಲಿಲ್ಲ.

ಎರಡನೆಯವರು ಲಿವರ್ ವಿಭಾಗದ ಫೋರ್‌ಮನ್ ಮಲ್ಲಪ್ಪ. ವಿಜಯಪುರ ಜಿಲ್ಲೆಯವರು, ಟಿಟ್ವಾಳಾದಿಂದ ಬರುತ್ತಿದ್ದರು. ನಮ್ಮ ಬೀಗದ ಹೊಟ್ಟೆಯಲ್ಲಿ ಲಿವರ್ ಎಂಬ ತೆಳು ಹಿತ್ತಾಳೆ ತಗಡುಗಳಿರುತ್ತವೆ. ಚಾವಿಯ ಹಲ್ಲು ಒಂದೊಂದು ತಗಡನ್ನೂ ಸರಿಯಾದ ಎತ್ತರಕ್ಕೆ ಎತ್ತಿದರೆ ಮಾತ್ರ ಬೀಗ ತೆರೆಯುತ್ತದೆ. ಪ್ರತಿ ಶನಿವಾರ ಮಲ್ಲಪ್ಪ ಒಂದು ಪರೀಕ್ಷೆ ನಡೆಸುತ್ತಿದ್ದರು. ಯಾವುದೋ ಒಂದು ಚಾವಿ ಎತ್ತಿಕೊಂಡು ಆ ವಾರದ ಬೀಗಗಳಿಗೆಲ್ಲ ಹಾಕಿ ನೋಡುವುದು. ತನ್ನದಲ್ಲದ ಚಾವಿಗೆ ತೆರೆದುಕೊಂಡ ಬೀಗ ಸಿಕ್ಕಿತೋ, ಅದರ ತಲೆಗೆ ಸುತ್ತಿಗೆಯ ಒಂದೇಟು ಬೀಳುತ್ತಿತ್ತು. ಆಮೇಲೆ ಅದನ್ನು ಗೋಡೆಯ ಮೊಳೆಗೆ ನೇತು ಹಾಕುತ್ತಿದ್ದರು. ಆ ಗೋಡೆಗೆ ಜೈಲು ಎಂದು ಹೆಸರು. ಹೊಸಬರನ್ನು ಮೊದಲು ಅಲ್ಲಿಗೆ ಕರೆದೊಯ್ದು ದರ್ಶನ ಮಾಡಿಸುತ್ತಿದ್ದರು.

ಚೀನಾದ ಬೀಗಗಳು ನಮ್ಮ ಪೂರ್ವ ಆಫ್ರಿಕಾದ ಅಂಗಡಿಗಳಿಗೆ ನುಗ್ಗಿದಾಗ ನಾವು ಮಾಡಿದ ಮೊದಲ ಕೆಲಸ, ಅವು ಕಳಪೆ ಎಂದು ಸಾಧಿಸಿ ತೋರಿಸುವುದು. ದಾರ್ ಎಸ್ ಸಲಾಮಿನಿಂದ ನೇಮಾ ಎಂಬ ಸಗಟು ವ್ಯಾಪಾರಿ ಬಂದಿದ್ದರು. ನಮ್ಮ ರಫ್ತಿನ ದೊಡ್ಡ ಪಾಲು ಈ ಹೆಂಗಸಿನ ಕೈಯಲ್ಲಿತ್ತು. ಸಾಹೇಬರ ಅಪ್ಪಣೆಯಂತೆ ಮಲ್ಲಪ್ಪ ಚೀನಾದ ಬೀಗವನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದರು. ಅದು ಬಿಸ್ಕತ್ತಿನಂತೆ ಬಿಚ್ಚಿಕೊಂಡಿತು. ನಮ್ಮದನ್ನು ಹೊಡೆದರು. ಸುತ್ತಿಗೆ ಪುಟಿಯಿತು. ನಾವೆಲ್ಲ ನೇಮಾ ಅವರ ಮುಖ ನೋಡಿದೆವು.

"ತುಂಬಾ ಗಟ್ಟಿ," ಎಂದರು ನೇಮಾ. "ಆದರೆ ನಮ್ಮೂರಿನ ಕಳ್ಳರು ಬೀಗಕ್ಕೆ ಹೊಡೆಯುವುದಿಲ್ಲ ಮಿಸ್ಟರ್ ಐತಾಳ್. ಚಿಲಕವನ್ನೇ ಕಿತ್ತು ಹಾಕುತ್ತಾರೆ. ನಿಮ್ಮ ಬೀಗ ನೆಲದ ಮೇಲೆ ಭದ್ರವಾಗಿ ಬಿದ್ದಿರುತ್ತದೆ."

ಸಾಹೇಬರು ಚಿಲಕದ ಮೊಳೆಗಳ ಬಗ್ಗೆ ಉಪನ್ಯಾಸ ಆರಂಭಿಸಿದರು. ನೇಮಾ ಗಡಿಯಾರ ನೋಡಿಕೊಂಡರು. ಆ ಸಲ ಅವರು ಕೊಟ್ಟ ಆರ್ಡರು ಹಿಂದಿನದರ ಅರ್ಧಕ್ಕೂ ಬರಲಿಲ್ಲ.

ಅದಾದ ಮೇಲೆ ಸಾಹೇಬರು ನನ್ನನ್ನು ಒಳಗೆ ಕರೆದರು. ಕಿಟಕಿಯ ಕಡೆ ತಿರುಗಿ ಮಾತಾಡಿದರು. ಕೆಟ್ಟ ಸುದ್ದಿಯನ್ನು ಅವರು ಯಾವಾಗಲೂ ಕಿಟಕಿಗೇ ಹೇಳುತ್ತಿದ್ದರು.

"ಐತಾಳ್, ನೀವು ಚೀನಾಕ್ಕೆ ಹೋಗಿ ಬನ್ನಿ. ಅವರ ರೇಟು ತನ್ನಿ. ನಮ್ಮ ಹೆಸರು ಒತ್ತಿಸಿ ಅಲ್ಲಿಂದಲೇ ತರಿಸೋಣ. ಕಳಂಬೊಳಿಯಲ್ಲಿ ಒಂದು ಗೋಡೌನ್ ನೋಡಿಟ್ಟಿದ್ದೇನೆ."

"ಮತ್ತೆ ಲಿವರ್ ವಿಭಾಗ?"

"ಈ ಆಯುಧಪೂಜೆಗೆ ಪ್ರೆಸ್ಸುಗಳಿಗೆ ಹೂವು ಹಾಕೋಣ. ಬರುವ ವರ್ಷ ಗೋಡೌನಿನ ಶಟರಿಗೆ ಹಾಕಿದರಾಯಿತು."

ಲಿವರ್ ವಿಭಾಗ ಎಂದರೆ ಮಲ್ಲಪ್ಪನವರು, ಲಿವರ್ ತಗಡು ಕತ್ತರಿಸುವ ಪ್ರೆಸ್ ನಡೆಸುವ ಸುನಂದಾಬಾಯಿ ಮತ್ತು ಅವಳ ಜೊತೆಯವರು, ಚಾವಿಗೆ ಅರ ಹಾಕುವ ಫಿಟ್ಟರುಗಳು, ಅರ್ಧ ಕಾರ್ಖಾನೆ. ಗೋಡೌನಿಗೆ ಒಬ್ಬ ವಾಚ್‌ಮನ್ ಸಾಕು. ಸಾಹೇಬರಿಗೆ ಅದು ಗೊತ್ತಿತ್ತು. ಅದಕ್ಕೇ ಕಿಟಕಿ.

ನಾನು ಹೋದೆ. ಸಮುದ್ರ ತೀರದ ಒಂದು ಊರು. ಊರಿಗೆ ಊರೇ ಬೀಗ ಮಾಡುತ್ತಿತ್ತು. ಕುಮಾರಿ ಲಿನ್ ಎಂಬ ಮಾರಾಟದ ಅಧಿಕಾರಿ ನನ್ನನ್ನು ಕಾರ್ಖಾನೆಯ ಮೂಲೆ ಮೂಲೆಗೆ ಕರೆದೊಯ್ದಳು. ನಾನು ಗಿರಾಕಿಯ ವೇಷದಲ್ಲಿ ಬಂದ ಪ್ರತಿಸ್ಪರ್ಧಿ ಎಂಬುದು ಅವಳಿಗೆ ತಿಳಿಯಬಾರದೆಂದು ಗಂಭೀರವಾಗಿ ನಟಿಸುತ್ತಿದ್ದೆ. ಚಹಾ ಕುಡಿಯುವಾಗ ಅವಳು, "ನಿಮ್ಮ ಡೊಂಬಿವಲಿಯ ಕಾರ್ಖಾನೆಯಲ್ಲಿ ಎಷ್ಟು ಪ್ರೆಸ್ಸುಗಳಿವೆ?" ಎಂದು ಕೇಳಿದಳು. ನಾನು ಚಹಾ ಬಟ್ಟಲನ್ನು ಕೆಳಗಿಟ್ಟೆ.

"ಗೊತ್ತಿದ್ದೂ ಎಲ್ಲ ತೋರಿಸಿದಿರಾ?"

"ನೋಡಿದರೆ ಏನಾಯಿತು?" ಎಂದು ನಕ್ಕಳು. ಅವಳಿಗೆ ನಮ್ಮ ಭಯವೇ ಇರಲಿಲ್ಲ. ನನ್ನ ವೃತ್ತಿಜೀವನದಲ್ಲಿ ನನಗಾದ ಅತಿ ದೊಡ್ಡ ಅವಮಾನ ಅದು. ಅದರ ಜೊತೆ ಒಳ್ಳೆಯ ಚಹಾ ಕೂಡ ಕೊಟ್ಟರು.

ಎರಡು ಸಂಗತಿಗಳು ಮನಸ್ಸಿನಲ್ಲಿ ಉಳಿದವು. ಒಂದು, ಅವಳು ಇಡೀ ದಿನ ನನಗೆ ಏನನ್ನೂ ವಿವರಿಸಲಿಲ್ಲ. ಬರೀ ಕೇಳಿದಳು. ಯಾವ ಬಣ್ಣ ಬೇಕು, ಎಷ್ಟು ಬೇಕು, ಯಾವಾಗ ಬೇಕು. ಇನ್ನೊಂದು, ಅಲ್ಲಿ ಪ್ರೆಸ್ಸಿನ ಪಕ್ಕದಲ್ಲಿ ಅಳತೆ ನೋಡುವ ಒಂದು ಉಕ್ಕಿನ ಅಚ್ಚು ಸರಪಳಿಗೆ ಕಟ್ಟಿತ್ತು. ಅದಕ್ಕೆ ಗೇಜ್ ಎನ್ನುತ್ತಾರೆ. ಕೆಲಸದ ಹುಡುಗಿ ಆಗಾಗ ಒಂದು ತಗಡನ್ನು ಅದರೊಳಗೆ ಹಾಕಿ ನೋಡುತ್ತಿದ್ದಳು. ಕೂರದಿದ್ದರೆ ತಾನೇ ಪ್ರೆಸ್ ನಿಲ್ಲಿಸುತ್ತಿದ್ದಳು, ಯಾರನ್ನೂ ಕೇಳದೆ. ನಮ್ಮಲ್ಲಿ ಪ್ರೆಸ್ ನಿಲ್ಲಿಸುವ ಅಧಿಕಾರ ಮಲ್ಲಪ್ಪನವರಿಗೆ ಮಾತ್ರ ಇತ್ತು. ಅವರು ಊಟಕ್ಕೆ ಹೋದಾಗ ಅಧಿಕಾರವೂ ಊಟಕ್ಕೆ ಹೋಗುತ್ತಿತ್ತು.

ರೇಟು ತಂದೆ. ಆ ರೇಟಿಗೆ ನಮಗೆ ಹಿತ್ತಾಳೆಯೂ ಸಿಗುತ್ತಿರಲಿಲ್ಲ. ಸಾಹೇಬರು ಗೋಡೌನಿನ ಮಾಲೀಕನಿಗೆ ಫೋನ್ ಮಾಡಿದರು.

ಅಷ್ಟರಲ್ಲಿ ನೇಮಾ ಮತ್ತೆ ಬಂದರು. ಚೀನಾದಿಂದ ಊರಿಗೆ ಹಿಂತಿರುಗುವ ದಾರಿಯಲ್ಲಿ ಇಳಿದಿದ್ದರು. ಚಕ್ರದ ಪೆಟ್ಟಿಗೆ ತೆರೆದು ಅಲ್ಲಿನ ಬೀಗಗಳನ್ನು ಸಾಹೇಬರ ಮೇಜಿನ ಮೇಲೆ ಹರಡಿದರು. ಆಮೇಲೆ ಕೇಳಿದರು: "ಹನ್ನೆರಡು ಬೀಗ, ಒಂದೇ ಚಾವಿ. ನಿಮಗೆ ಆಗುತ್ತದೆಯೇ?"

ಅವರ ಊರಿನ ಸಂತೆಯಲ್ಲಿ ವ್ಯಾಪಾರ ಮಾಡುವ ಹೆಂಗಸರಿಗೆ ಒಂದೊಂದು ಕಟ್ಟೆಯಲ್ಲಿ ಹಲವು ಪೆಟ್ಟಿಗೆಗಳು, ಪೆಟ್ಟಿಗೆಗೊಂದು ಬೀಗ, ಬೀಗಕ್ಕೊಂದು ಚಾವಿ. ಸೊಂಟದಲ್ಲಿ ಚಾವಿಯ ಗೊಂಚಲು ಹೊತ್ತು ಬೇಸತ್ತಿದ್ದಾರೆ. ಚೀನಾದವರು ಒಂದೇ ಚಾವಿಯ ಸೆಟ್ ಮಾಡಿಕೊಡಲು ಒಪ್ಪಿದ್ದಾರೆ, ಆದರೆ ತಗೊಂಡರೆ ಒಂದು ಕಂಟೇನರ್ ತುಂಬ ಅದನ್ನೇ ತಗೊಳ್ಳಬೇಕು. "ಅಷ್ಟು ಸೆಟ್ ಮಾರುವಷ್ಟರಲ್ಲಿ ನನಗೆ ಮೊಮ್ಮಕ್ಕಳಾಗುತ್ತವೆ," ಎಂದರು ನೇಮಾ. "ನನಗೆ ಸ್ವಲ್ಪ ಇದು, ಸ್ವಲ್ಪ ಅದು ಬೇಕು."

ಸಾಹೇಬರು ಬೀಗ ಎಂದರೇನು ಎಂಬಲ್ಲಿಂದ ಶುರು ಮಾಡಿದರು. ಒಂದು ಬೀಗಕ್ಕೆ ಒಂದೇ ಚಾವಿ ಎಂಬುದು ಭದ್ರತೆಯ ಮೂಲತತ್ತ್ವ, ಅದನ್ನು ಬಿಟ್ಟರೆ... ಶೆಟ್ಟರು ತಂದ ಚಹಾ ಆರಿತು. ನೇಮಾ ಬೀಗಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬಲು ಶುರು ಮಾಡಿದರು. ಕೊನೆಯ ಬೀಗ ಅವರ ಕೈಯಲ್ಲಿದ್ದಾಗ ನಾನು, "ಆಗುತ್ತದೆ. ಎಷ್ಟು ಸೆಟ್ ಬೇಕು?" ಎಂದೆ.

ಸಾಹೇಬರು ನನ್ನನ್ನು ನೋಡಿದ ರೀತಿಯನ್ನು ಬರೆಯುವುದಿಲ್ಲ. ನೇಮಾ ಹೋದ ಮೇಲೆ ಕಿಟಕಿಗೆ ಹೇಳಿದರು: "ಆಯುಧಪೂಜೆಯ ತನಕ ಸಮಯ. ಅಷ್ಟರೊಳಗೆ ಮಾಲು ಬಂದರಿಗೆ ಹೋಗದಿದ್ದರೆ ನಾನು ಗೋಡೌನಿನ ಕರಾರಿಗೆ ಸಹಿ ಹಾಕುತ್ತೇನೆ. ನಂತರ ನನ್ನನ್ನು ಬೈಯಬೇಡಿ."

ಮಲ್ಲಪ್ಪನವರಿಗೆ ಹೇಳಿದೆ. ಅವರ ಕಡೆ ಬೀಗಕ್ಕೆ ಕೀಲಿ ಎನ್ನುತ್ತಾರೆ. ಅವರು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟರು.

"ಏನ್ರೀ ಸಾಹೇಬ್ರ, ಖರೇನ ಹೇಳ್ತೀರೋ, ಚೇಷ್ಟಿ ಮಾಡ್ತೀರೋ?"

"ಖರೆ."

"ಒಂದ ಚಾವಿಗೆ ಹನ್ನೆರಡು ಕೀಲಿ ತೆರೀತಾವಂದ್ರ ಅವು ಕೀಲಿ ಅಲ್ರಿ, ಧರ್ಮಛತ್ರದ ಬಾಗಲಾ. ಇಷ್ಟ ವರ್ಷ ನಾ ಯಾವುದಕ್ಕ ಸುತಿಗಿ ಹೊಡದೆ? ಈ ಜೈಲಿನ್ಯಾಗ ಇರೋ ಕೀಲಿ ಮಾಡಿದ್ದೂ ಅದನ್ನ ಅಲ್ಲೇನ್ರಿ? ಇವತ್ತ ಅವನ್ನೆಲ್ಲಾ ಬಿಡುಗಡಿ ಮಾಡಿ ಹಾರ ಹಾಕ್ಲ್ಯಾ?"

"ಮಲ್ಲಪ್ಪನವರೇ, ಇದಾಗದಿದ್ದರೆ ನಿಮ್ಮ ಪ್ರೆಸ್ಸುಗಳು ಗುಜರಿಗೆ ಹೋಗುತ್ತವೆ."

"ಹೋಗ್ಲಿ ಬಿಡ್ರಿ. ಮಾನಾ ಬಿಟ್ಟು ಪ್ರೆಸ್ ಇಟಗೊಂಡು ಏನ ಮಾಡೂದದ?"

ಇಂಥ ಮನುಷ್ಯನನ್ನು ಹೆದರಿಸಿ ಒಪ್ಪಿಸಲಾಗುವುದಿಲ್ಲ. ಆ ಭಾನುವಾರ ನಾನು ಹೆಂಡತಿಯೊಂದಿಗೆ ಟಿಟ್ವಾಳಾದ ಗಣಪತಿಗೆ ಹೋದೆ. ಭಕ್ತಿಯೂ ಇತ್ತು, ಉಪಾಯವೂ ಇತ್ತು. ಗಣಪತಿ ಎರಡನ್ನೂ ಬಲ್ಲವನು. ದರ್ಶನ ಮುಗಿಸಿ ಮಲ್ಲಪ್ಪನವರ ಮನೆಗೆ ಹೋದೆವು. ಅವರು ತಮ್ಮ ಕಟ್ಟಡದ ಸೊಸೈಟಿಗೆ ಸೆಕ್ರೆಟರಿ. ಪಂಪಿನ ಕೋಣೆ, ತಾರಸಿ, ಮೀಟರ್ ಪೆಟ್ಟಿಗೆ, ಗೇಟು, ಎಲ್ಲಕ್ಕೂ ನಮ್ಮ ಕಾರ್ಖಾನೆಯ ಬೀಗ. ನಾನು ಅವಲಕ್ಕಿ ತಿನ್ನುತ್ತ ಆಫ್ರಿಕಾದ ಸಂತೆಯ ಹೆಂಗಸರ ಕತೆ ಹೇಳಿದೆ. ಅವರ ಹೆಂಡತಿ ಗಂಗವ್ವ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

"ಆ ಹೆಣಮಕ್ಕಳು ಹೇಳೂದು ಬರೋಬ್ಬರಿ ಅದ ನೋಡ್ರಿ ಅಣ್ಣಾರ. ನೀರ ಬರೂ ಹೊತ್ತಿಗೆ ಇವರು ಕಲ್ಯಾಣದಾಗ ಗಾಡಿ ಕಾಯ್ತಿರ್ತಾರ. ಪಂಪಿನ ಖೋಲಿ ಚಾವಿ ಯಾವುದು, ತಾರಸಿದು ಯಾವುದು, ಗೊಂಚಲಾ ಹಿಡಕೊಂಡು ನಾ ಒದ್ದಾಡ್ತೀನಿ. ಇಡೀ ಬಿಲ್ಡಿಂಗ್ ಬಕೀಟ ಹಿಡಕೊಂಡು ನನ್ನ ಮಾರಿ ನೋಡ್ತದ. ಹೋದ ತಿಂಗಳ ತಾರಸಿ ಚಾವಿ ಪಂಪಿನ ಖೋಲಿಗೆ ಹಾಕಿ ಮುರದೇ ಬಿಟ್ಟೆ."

"ಮುರದಿದ್ದು ನೀ ಏನ?" ಎಂದರು ಮಲ್ಲಪ್ಪ. "ಮ್ಯಾಲಿನ ಮನಿಯಾಂವ ಅಂತ ಹೇಳಿದ್ದಿಯಲ್ಲ!"

"ಅವನ ಹೆಸರು ಹೇಳಿದೆ. ಇಲ್ಲಾಂದ್ರ ನನಗೂ ಸುತಿಗಿ ತಗೊಂಡು ಬರ್ತಿದ್ರಿ."

ನನ್ನ ಹೆಂಡತಿ ನಕ್ಕಳು. ಮಲ್ಲಪ್ಪ ನಗಲಿಲ್ಲ. ನಮ್ಮನ್ನು ಸ್ಟೇಷನ್ನಿಗೆ ಬಿಡಲು ಬಂದವರು ಪ್ಲಾಟ್‌ಫಾರ್ಮಿನಲ್ಲಿ ಹೇಳಿದರು: "ಒಂದ ಮಾತ್ರಿ. ಸೆಟ್ಟಿನೊಳಗ ಎಲ್ಲಾ ಒಂದ ಇರಲಿ. ಆದ್ರ ಈ ಸೆಟ್ಟಿನ ಚಾವಿ ಆ ಸೆಟ್ಟಿಗೆ ಹತ್ತಬಾರದು. ಹತ್ತಿದ್ರ ಹನ್ನೆರಡಕ್ಕ ಹನ್ನೆರಡೂ ಜೈಲಿಗೆ." ಕಾನೂನು ಸಡಿಲವಾಗಲಿಲ್ಲ, ಇನ್ನಷ್ಟು ಬಿಗಿಯಾಯಿತು. ನಾನು ಒಪ್ಪಿದೆ.

ಮೊದಲ ಸೆಟ್ ತಯಾರಾಯಿತು. ಒಂದೇ ಡೈಯಿಂದ, ಎಂದರೆ ಪ್ರೆಸ್ಸಿನಲ್ಲಿ ತಗಡು ಕತ್ತರಿಸುವ ಅಚ್ಚಿನಿಂದ, ಹೊಡೆದ ಲಿವರುಗಳು, ಒಂದೇ ಅಳತೆಯ ಚಾವಿ. ಹನ್ನೆರಡರಲ್ಲಿ ಏಳು ತೆರೆದವು. ಉಳಿದ ಐದು ಮುನಿಸಿಕೊಂಡು ಕೂತವು.

"ನೋಡಿದ್ರಿಲ್ಲೋ!" ಎಂದರು ಮಲ್ಲಪ್ಪ, ಮಕ್ಕಳ ಹಟಕ್ಕೆ ಹೆಮ್ಮೆಪಡುವ ತಂದೆಯಂತೆ. "ನಮ್ಮ ಕೀಲಿ ಎಲ್ಲಾರ ಮಾತ ಕೇಳಾವಲ್ಲ."

ನನಗೆ ಒಂದು ಅನುಮಾನ ಬಂತು. "ಡೈ ಒಂದೇ ಅಂದಮೇಲೆ ಯಾಕೆ ಕೇಳಲಿಲ್ಲ?"

ಆ ಐದು ಬೀಗಗಳನ್ನೂ ಬಿಚ್ಚಿ ಲಿವರುಗಳನ್ನು ಸಾಹೇಬರ ಮೇಜಿನ ಗಾಜಿನ ಮೇಲೆ ಒಂದರ ಮೇಲೊಂದು ಪೇರಿಸಿದೆವು. ಒಂದೇ ಆಗಿರಬೇಕಾದ ಅಂಚು ಹಲ್ಲು ಮುರಿದ ಬಾಚಣಿಗೆಯಂತಿತ್ತು. ಸಾಹೇಬರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಡೈಗಳು ಸವೆದು ವರ್ಷಗಳೇ ಆಗಿದ್ದವು. ಪ್ರತಿ ಬೀಗಕ್ಕೂ ಫಿಟ್ಟರು ಕೈಯಿಂದ ಚಾವಿಗೆ ಅರ ಹಾಕಿ ಹೊಂದಿಸುತ್ತಿದ್ದ. ಹಾಗಾಗಿ ಆ ಸವೆತ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 'ನಮ್ಮ ಒಂದು ಬೀಗದಂತೆ ಇನ್ನೊಂದಿಲ್ಲ' ಎಂದು ಕ್ಯಾಟಲಾಗಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೆವು. ಆ ಹೆಮ್ಮೆಯಲ್ಲಿ ಕೌಶಲ ಎಷ್ಟು, ಸವೆದ ಉಕ್ಕು ಎಷ್ಟು ಎಂದು ವಿಂಗಡಿಸುವ ಧೈರ್ಯ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ.

ಸಾಹೇಬರು ಉಪನ್ಯಾಸ ಕೊಡಲಿಲ್ಲ. ಕಿಟಕಿಯ ಕಡೆಗೂ ತಿರುಗಲಿಲ್ಲ. "ಠಾಣೆಯಲ್ಲಿ ಡೈ ಮಾಡುವವನಿಗೆ ಫೋನ್ ಮಾಡಿ," ಎಂದರು. "ಹೊಸದು ಬೇಕು. ಐತಾಳ್, ಅಲ್ಲಿ ಚೀನಾದಲ್ಲಿ ಸರಪಳಿಗೆ ಕಟ್ಟಿದ್ದು ಏನೋ ನೋಡಿದೆ ಅಂದಿರಲ್ಲ, ಅದರ ಚಿತ್ರ ಬರೆದು ತೋರಿಸಿ."

ಹೊಸ ಡೈಗಳು ಬಂದವು, ಲಿವರಿನ ಒಂದೊಂದು ಎತ್ತರಕ್ಕೂ ಒಂದೊಂದು; ಲಿವರುಗಳನ್ನು ಜೋಡಿಸುವ ಕ್ರಮ ಬದಲಿಸಿದರೆ ಬೇರೆ ಸೆಟ್. ಪ್ರೆಸ್ಸಿಗೊಂದು ಗೇಜ್ ಬಂತು, ಸರಪಳಿ ಸಮೇತ. ಯಾರು ಬೇಕಾದರೂ ಪ್ರೆಸ್ ನಿಲ್ಲಿಸಬಹುದು ಎಂದು ಸಾಹೇಬರು ಘೋಷಿಸಿದರು. ಮಲ್ಲಪ್ಪನವರ ಮುಖ ಸಿಂಹಾಸನ ಕಳೆದುಕೊಂಡವರಂತಾಯಿತು. ಮೊದಲ ದಿನ ಯಾರೂ ನಿಲ್ಲಿಸಲಿಲ್ಲ. ಎರಡನೆಯ ದಿನ ಒಂದು ಪ್ರೆಸ್ ಸದ್ದು ನಿಂತಿತು. ಮಲ್ಲಪ್ಪ ಓಡಿದರು, ಹಿಂದೆ ನಾನು.

"ಯಾರು ನಿಲ್ಲಿಸಿದ್ದು?" ಎಂದು ಮಲ್ಲಪ್ಪ ಮರಾಠಿಯಲ್ಲಿ ಕೇಳಿದರು.

"ಮೀ," ಎಂದಳು ಸುನಂದಾಬಾಯಿ, ತಗಡನ್ನು ಅವರ ಮೂಗಿನ ಮುಂದೆ ಹಿಡಿದು. "ಗೇಜಮಧ್ಯೆ ಬಸತ್ ನಾಹೀ, ದಾದಾ." ನಿಲ್ಲಿಸಿದ್ದು ನಾನೇ, ಇದು ಗೇಜಿನಲ್ಲಿ ಕೂರುತ್ತಿಲ್ಲ ಎಂದರ್ಥ.

ಮಲ್ಲಪ್ಪ ತಾವೇ ಗೇಜಿಗೆ ಹಾಕಿ ನೋಡಿದರು. ಕೂರಲಿಲ್ಲ. ತಿರುಗಿಸಿ ಹಾಕಿದರು. ಕೂರಲಿಲ್ಲ. ಡೈ ಕೆಳಗೆ ಒಂದು ಚೂರು ಹಿತ್ತಾಳೆ ಸಿಕ್ಕಿಕೊಂಡಿತ್ತು. ಅದನ್ನು ಊದಿ ತೆಗೆದು ಅವರು ಹೇಳಿದ್ದಿಷ್ಟೇ: "ನಾ ಊಟಕ್ಕ ಹೋದಾಗನೂ ಹೀಂಗ ನೋಡ್ಕೋ." ಸುನಂದಾಬಾಯಿಗೆ ಕನ್ನಡ ಬಾರದು. ಅವಳಿಗೆ ಅರ್ಥವಾಯಿತು.

ಆ ವಾರಗಳಲ್ಲಿ ಎಲ್ಲರೂ ದುಡಿದರು. ಫಿಟ್ಟರುಗಳು ಅರ ಹಾಕುವುದು ತಪ್ಪಿತೆಂದು ಮೊದಲು ಮುಖ ಊದಿಸಿಕೊಂಡರು, ಆಮೇಲೆ ಸೆಟ್ ಜೋಡಿಸಲು ಬಂದರು. ಶನಿವಾರದ ಪರೀಕ್ಷೆಗೆ ಈಗ ಎರಡು ಪತ್ರಿಕೆ: ಸೆಟ್ಟಿನ ಚಾವಿ ತನ್ನ ಹನ್ನೆರಡನ್ನೂ ತೆರೆಯಬೇಕು, ಬೇರೆ ಯಾವುದನ್ನೂ ತೆರೆಯಬಾರದು. ಒಂದು ಶನಿವಾರ ಇಡೀ ಒಂದು ಸೆಟ್ ಜೈಲಿಗೆ ಹೋಯಿತು. ಸಾಹೇಬರು ಬೇಡವೆನ್ನಲಿಲ್ಲ.

ಮಾಲು ಕಳಿಸುವ ಮುನ್ನ ನೇಮಾ ನೋಡಲು ಬಂದರು. ಮೇಜಿನ ಮೇಲೆ ಹನ್ನೆರಡು ಬೀಗ ಸಾಲಾಗಿ ಇಟ್ಟೆವು. ಅವರು ಒಂದೇ ಚಾವಿಯಿಂದ ಎಲ್ಲವನ್ನೂ ತೆರೆದರು. ಆಮೇಲೆ ಆ ಚಾವಿಯನ್ನು ಪಕ್ಕದ ಸೆಟ್ಟಿಗೆ ಹಾಕಿ ತಿರುಗಿಸಿದರು, ಬಲ ಹಾಕಿ ತಿರುಗಿಸಿದರು. ತೆರೆಯಲಿಲ್ಲ. ಕೈಕಟ್ಟಿ ನಿಂತಿದ್ದ ಮಲ್ಲಪ್ಪನವರ ಕಡೆ ನೋಡಿ ತಲೆದೂಗಿದರು.

"ಚಾವಿ ಕಳೆದುಹೋದರೆ?" ಎಂದರು ನೇಮಾ. "ಹನ್ನೆರಡು ಪೆಟ್ಟಿಗೆಯೂ ಒಟ್ಟಿಗೆ ಮುಚ್ಚಿಹೋಗುತ್ತವಲ್ಲ."

ಸಾಹೇಬರು ದೀರ್ಘವಾಗಿ ಉಸಿರೆಳೆದುಕೊಂಡರು. ಆ ಉಸಿರಿನ ಉದ್ದ ನನಗೆ ಗೊತ್ತಿತ್ತು. ಚಾವಿಯನ್ನು ಜೋಪಾನ ಮಾಡುವ ಬಗ್ಗೆ ಕಡಿಮೆಯೆಂದರೆ ಅರ್ಧ ಗಂಟೆ. ಅವರನ್ನು ತಡೆಯಲು ನಾನು ಮೇಜಿನ ಕೆಳಗೆ ಕಾಲು ಚಾಚುವ ಮೊದಲೇ ಅವರು ಆ ಉಸಿರನ್ನು ನಿಧಾನವಾಗಿ ಹೊರಬಿಟ್ಟು ಕೇಳಿದರು:

"ನಿಮಗೆ ಏನು ಮಾಡಿದರೆ ಅನುಕೂಲ?"

ಗಿರಾಕಿಗೆ ಅವರು ಪ್ರಶ್ನೆ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಲ್ಲಪ್ಪನವರು ಕಟ್ಟಿದ ಕೈ ಬಿಚ್ಚಿದರು. ನೇಮಾ ಹೇಳಿದರು: ಪ್ರತಿ ಸೆಟ್ಟಿಗೆ ಒಂದು ಗುರುತಿನ ಸಂಖ್ಯೆ ಇರಲಿ, ಬೀಗದ ಮೇಲೆ ಬೇಡ, ಬೇರೆ ಚೀಟಿಯಲ್ಲಿ, ಅದನ್ನು ಕಳಿಸಿದರೆ ನೀವು ಚಾವಿ ಮಾಡಿ ಕಳಿಸಿ. ಹೊಸ ಡೈ ಇದ್ದದ್ದರಿಂದ ಅದು ಸಾಧ್ಯವಿತ್ತು. ಹಳೆಯದರಲ್ಲಿ, ಕಳೆದುಹೋದ ಚಾವಿಯಂಥ ಇನ್ನೊಂದನ್ನು ಮಾಡಲು ನಮಗೆ ಬರುತ್ತಲೇ ಇರಲಿಲ್ಲ.

ಮಾಲು ಆಯುಧಪೂಜೆಗೆ ಮೊದಲೇ ನ್ಹಾವಾ ಶೇವಾ ಬಂದರಿಗೆ ಹೋಯಿತು. ಕಂಟೇನರಿನಲ್ಲಿ ಸ್ವಲ್ಪ ಇದು, ಸ್ವಲ್ಪ ಅದು.

ಇದನ್ನು ಓದಿ ನಾವು ಚೀನಾವನ್ನು ಗೆದ್ದೆವು ಎಂದು ಯಾರೂ ತಿಳಿಯಬಾರದು. ಪುಟ್ಟ ಬೀಗಗಳ ವ್ಯಾಪಾರ ಪೂರ್ತಿ ಹೋಯಿತು; ಅವನ್ನು ಈಗ ಕುಮಾರಿ ಲಿನ್ ಇದ್ದ ಕಾರ್ಖಾನೆಯಿಂದಲೇ ನಮ್ಮವರು ತರಿಸಿ ಮಾರುತ್ತಾರೆ. ಕೆಲವು ಕಾಲದ ನಂತರ ಅಲ್ಲಿಯ ಬೇರೊಬ್ಬರು ಸಣ್ಣ ಆರ್ಡರಿಗೂ ಒಂದೇ ಚಾವಿಯ ಸೆಟ್ ಕೊಡತೊಡಗಿದರು, ನೇಮಾ ನಮ್ಮ ರೇಟನ್ನು ಹಿಂಡಿದರು. ಕಳೆದುಹೋದ ಚಾವಿ ಬೇಗ ಕಳಿಸುವವರು ನಾವೇ ಆದ್ದರಿಂದ ನಮ್ಮನ್ನು ಬಿಡಲೂ ಇಲ್ಲ. ಕುಮಾರಿ ಲಿನ್ ಹೊಸ ವರ್ಷಕ್ಕೆ ಒಮ್ಮೆ ನನಗೆ ಸಂದೇಶ ಕಳಿಸಿದ್ದಳು: "ಮಾಲೀಕರು ವಿಯೆಟ್ನಾಮಿನಲ್ಲಿ ಕಾರ್ಖಾನೆ ತೆರೆದಿದ್ದಾರೆ, ಅಲ್ಲಿನ ಹುಡುಗಿಯರಿಗೆ ಕೆಲಸ ಕಲಿಸಲು ನನ್ನನ್ನು ಕಳಿಸಿದ್ದಾರೆ, ತುಂಬ ಬೇಗ ಕಲಿಯುತ್ತಾರೆ, ನನಗೆ ಭಯವಾಗುತ್ತಿದೆ." ಗೇಜ್ ಅನ್ನು ಸರಪಳಿಗೆ ಕಟ್ಟಿಸಿ ಎಂದು ಉತ್ತರ ಬರೆದೆ. ಆಗಲೇ ಕಟ್ಟಿದ್ದಾರೆ ಎಂದು ಬರೆದಳು.

ನಿವೃತ್ತನಾದ ಮೇಲೂ ಆಯುಧಪೂಜೆಗೆ ನನ್ನನ್ನು ಕರೆಯುತ್ತಾರೆ. ಕಳೆದ ಸಲ ಹೋಗಿದ್ದೆ. ಮಲ್ಲಪ್ಪನವರೂ ನಿವೃತ್ತರು, ಅವರೂ ಬಂದಿದ್ದರು. ಬಂದವರೇ ಜೈಲಿನ ಗೋಡೆಯ ಮುಂದೆ ನಿಂತು ಹೊಸ ಕೈದಿಗಳನ್ನು ಎಣಿಸಿದರು. ಅವರ ಜಾಗದಲ್ಲಿ ಈಗ ಸುನಂದಾಬಾಯಿ ಇದ್ದಾಳೆ. ಲಿವರ್ ವಿಭಾಗದ ಎಲ್ಲ ಪ್ರೆಸ್ಸುಗಳಿಗೂ ಹೂವು ಹಾಕಿದರು. ಕಳಂಬೊಳಿಯ ಆ ಗೋಡೌನನ್ನು ಬೇರೆಯವರು ಬಾಡಿಗೆಗೆ ಪಡೆದರು. ಕ್ಯಾಂಟೀನಿನ ಸಕ್ಕರೆ ಬೀರುವಿಗೆ ಈಗಲೂ ಚೀನಾದ ಬೀಗವಿದೆ.